ಹದಿನಾರು ಸೋಮವಾರದ ಗುಳಿಗೆ

ಮುರಗೋಡ
೮ ಆಗಸ್ಟ್ ೨೦೦೫, ಸೋಮವಾರ

ಮಗಳಂಥ ಸೊಸೆ ಉಮಾಶ್ರೀಗೆ ನಿನ್ನ ಅತ್ತಿಯ ಆಶೀರ್ವಾದ.

ಇವತ್ತು ಶ್ರಾವಣದ ಮೊದಲ ಸೋಮವಾರ, ಉಪವಾಸ. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ಸಿಟ್ಟಾಗಬೇಡ. ನಿನ್ನ ಮಗಳು ಶೈಲಜಾ ಆರಾಮ ಇದ್ದಾಳೆ. ಅವಳನ್ನೂ ತಪಾಸಣೆ ಮಾಡಿದರು, ಏನೂ ಇಲ್ಲ. "ಅವ್ವನ್ನ ಕೋರ್ಟಿನವರು ಯಾವಾಗ ಬಿಡತಾರ?" ಎಂದು ಕೇಳುತ್ತಾಳೆ. ನೀನು ಏನೋ ಕದ್ದಿದ್ದೀ ಎಂದು ಸಾಲಿ ಮಕ್ಕಳು ಅಂದರಂತೆ.

ಶುಕ್ರವಾರ ನಿನ್ನ ಗಂಡ ಸುಭಾಸನ ಜೊತೆ ಸವದತ್ತಿ ಕೋರ್ಟಿಗೆ ಹೋಗಿದ್ದೆ. ಬೇಕೆಂದೇ ಗುಳಿಗೆ ಬಿಟ್ಟವಳು, ನಿನ್ನನ್ನು ಟಿಬಿ ಆಸ್ಪತ್ರೆಯಿಂದ ಹೊರಗೆ ಬಿಡಬಾರದೆಂದು ಆರೋಗ್ಯ ಇಲಾಖೆಯ ಸಾಹೇಬರು ಹೊರಡಿಸಿದ ಆದೇಶ ಸರಿಯೋ ತಪ್ಪೋ ಎಂಬ ವಿಚಾರಣೆಗೆ ಕೋರ್ಟು ಕರೆದದ್ದು ಇದು ನಾಲ್ಕನೆಯ ಸಲ. ಬೆಂಚಿನ ಮೇಲೆ ಕುಳಿತು ಕುಳಿತು ಸೊಂಟ ಬಿದ್ದುಹೋಗಿದೆ. ನಡುವೆ ಕೆಮ್ಮು ಬಂತು. ಬಾಗಿಲಲ್ಲಿದ್ದ ಜವಾನ ಪರಪ್ಪ, "ಅಕ್ಕಾರ, ಇಲ್ಲಿ ಕೆಮ್ಮಬ್ಯಾಡ್ರಿ, ನಿಮ್ಮ ಹೆಸರಿಗೂ ಆರ್ಡರ್ ಬರತೈತಿ" ಎಂದು ನಕ್ಕ.

"ಬರಲಿ ಬಿಡಪಾ, ಸೊಸಿ ಬಾಜೂಕ ಕಾಟ್ ಹಾಕಸು" ಅಂದೆ.

ಈ ಸಲ ನ್ಯಾಯಾಧೀಶರು ಕಾಗದ ತಿರುವಿದರು. ನಮ್ಮ ವಕೀಲ ಬಾಳಕೃಷ್ಣರು ನಿನ್ನ ಗುಳಿಗೆಯ ಕಾರ್ಡು ತೋರಿಸಿದರು. ವಾರಕ್ಕೆ ಮೂರು ದಿನದ ಗುಳಿಗೆ. ಬುಧವಾರ, ಶುಕ್ರವಾರ ಒಂದೂ ತಪ್ಪಿಲ್ಲ. ಸೋಮವಾರ ಮಾತ್ರ ಹದಿನಾರು ಸಲ ಖಾಲಿ. "ಗುಳಿಗಿ ಒಲ್ಲದಾಕಿ ಬುಧವಾರ ಯಾಕ ಬರತಿದ್ಲರೀ?" ಎಂದು ನಮ್ಮ ವಕೀಲರೇ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ನಿನಗೆ ಗುಣವಾಗಲೆಂದು ಹದಿನಾರು ಸೋಮವಾರದ ಹರಕೆ ಹೊತ್ತವಳು ನಾನು, ಉಪವಾಸ ಮಾಡಿಸಿದ್ದು ನಿನ್ನಿಂದ. ಖಾಲಿ ಹೊಟ್ಟೆಗೆ ಗುಳಿಗೆ ನುಂಗಿದರೆ ವಾಂತಿ, ವಾಂತಿಯಾದರೆ ವ್ರತ ಕೆಡುತ್ತದೆ, ಒಂದು ದಿನ ಬಿಟ್ಟರೆ ಶಿವ ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಸರಕಾರಿ ವಕೀಲರು, "ಬೇಕಂತನ ಬಿಟ್ಟಾಳ್ರಿ, ಸಹಿ ಮಾಡಿದ ಹೇಳಿಕಿ ಐತಿ" ಎಂದು ಒಂದು ಕಾಗದ ಎತ್ತಿದರು. ಹೇಳಿಕೆ ಕೊಟ್ಟವರನ್ನು ಬರುವ ಶುಕ್ರವಾರ ಕರೆಸಿರಿ, ಬೇಕೆಂದೇ ಬಿಟ್ಟದ್ದು ಅಲ್ಲವಾದರೆ ಈ ಆದೇಶ ನಿಲ್ಲುವುದಿಲ್ಲ ಎಂದರು ನ್ಯಾಯಾಧೀಶರು.

ಬಸ್ಸಿನಲ್ಲಿ ಸುಭಾಸ ಕುದಿಯುತ್ತಿದ್ದ. "ಗುಳಿಗಿ ಕೊಡೋ ಕರೆವ್ವಂದ ಇದು ಕೆಲಸ. ಅಂಗನವಾಡಿ ನಡಸತಾಳೋ, ಮನಿ ಮುರೀತಾಳೋ? ಅಕಿ ಮಾರಿ ನೋಡೂದಿಲ್ಲ ಯವ್ವಾ ನಾ" ಅಂದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಎದೆಗೆ ಬಲ ಕೊಡಲಿ.

ನಿನ್ನ ಅತ್ತಿ,
ಸುಂದರವ್ವ

ತಾ.ಕ.: ಆ ಹೇಳಿಕೆಯ ಕೆಳಗಿನ ಸಹಿ ನನ್ನದು. ಕರೆವ್ವ ಮೇಲಿನವರನ್ನು ಕರೆದುಕೊಂಡು ಬಂದು, "ಸೊಸಿ ಸೋಮವಾರ ಯಾಕ ಬರೂದಿಲ್ಲರೀ?" ಎಂದಾಗ, ಹರಕೆ ಎಂದರೆ ನನ್ನನ್ನು ಬೈದಾರೆಂದು ಅಂಜಿ, "ಅಕಿ ಒಲ್ಲೆ ಅಂತಾಳ್ರಿ" ಅಂದುಬಿಟ್ಟೆ. ತೋರಿಸಿದ ಕಡೆ ಸಹಿ ಹಾಕಿದೆ. ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆ ಮಾತಿಗೆ ಬಡಿತ ನಿಂತದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಇವತ್ತಿನವರೆಗೂ ನೀನು ಗಂಡನಿಗೆ ಹೇಳಿಲ್ಲ. ಶುಕ್ರವಾರ ಕಟಕಟೆಯಲ್ಲಿ ನಿಂತು ನಾನೇ ಹೇಳುತ್ತೇನೆ, ಅದಕ್ಕೆ ಅಂಜಿಕೆಯಿಲ್ಲ. ಅದಕ್ಕಿಂತ ಮೊದಲು ನಿನ್ನ ಮನಸ್ಸಿನಲ್ಲಿ ನನ್ನ ಬಗ್ಗೆ ಏನಿದೆಯೋ ಬರೆ, ಬೈಗುಳವಾದರೂ ಸರಿ. ಈ ಕಾಗದ ತರುವ ಮಾಯವ್ವ ಅದೇ ಆಸ್ಪತ್ರೆಯಲ್ಲಿರುವ ತನ್ನ ಅಣ್ಣನನ್ನು ನೋಡಿಕೊಂಡು ಸಂಜೆ ಬಸ್ಸಿಗೆ ಹೊರಡುತ್ತಾಳೆ. ನಿನ್ನ ಉತ್ತರವಿಲ್ಲದೆ ಬರಬೇಡ ಎಂದು ಅವಳಿಗೆ ಹೇಳಿ ಕಳಿಸಿದ್ದೇನೆ.