ಕೆಳಗೆ ಹೆಸರಿದ್ದ ಕರಪತ್ರ

೨೦-೧೧-೧೯೭೯, ಮಂಗಳವಾರ. ಕತ್ತಲಗೆರೆ.

ಭೀಮಕ್ಕನ ಮಸಿ ಮೆತ್ತಿದ ಬೆರಳುಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಹೋದ ವಾರ ಎಂಟನೇ ತರಗತಿಗೆ, ಊರೆಲ್ಲ ಓಡಾಡುತ್ತಿದ್ದ ದೇವರ ಹೆಸರಿನ ಕರಪತ್ರ ತೋರಿಸಿದ್ದೆ. ನೂರು ಪ್ರತಿ ಮಾಡಿ ಹಂಚದವರ ಮನೆಗೆ ಕೇಡಂತೆ. ಬರೆದವರ ಹೆಸರಿಲ್ಲ, ಪ್ರೆಸ್ಸಿನ ಹೆಸರಿಲ್ಲ, ಇಂಥದ್ದನ್ನು ನಂಬಬೇಡಿ ಎಂದೆ. ಆ ತರಗತಿಯ ಭೀಮಕ್ಕ ಮನೆಗೆ ಹೋದವಳೇ, ಅಪ್ಪ ತಂದಿಟ್ಟಿದ್ದ ಕರಪತ್ರವನ್ನು ಒಲೆಗೆ ಹಾಕಿದಳು. ಭಾನುವಾರ ಅವಳ ತಮ್ಮನಿಗೆ ಜ್ವರ ಬಂತು. ಅಪ್ಪ ಹೊಡೆದು, ನೂರು ಪ್ರತಿಯನ್ನೂ ಅವಳ ಕೈಯಲ್ಲೇ ಬರೆಸಿದ್ದಾನೆ.

ಇವತ್ತು ಆ ಕಟ್ಟನ್ನು ಶಾಲೆಗೆ ತಂದಿದ್ದಳು. ಪ್ರತಿ ಹಾಳೆಯ ಕೆಳಗೂ ಅವಳ ಹೆಸರು, ತರಗತಿ, ಊರು.

"ಹೆಸರು ಯಾಕಮ್ಮ ಬರೆದೆ?"

"ಹೆಸರಿದ್ರೆ ನಂಬ್ತಾರಲ್ರೀ ಮೇಷ್ಟ್ರೆ. ಎಲ್ಲಾ ಹಂಚಿದ ಮ್ಯಾಲೇನೇ ತಮ್ಮನ್ನ ಆಸ್ಪತ್ರೆಗೆ ತೋರ್ಸಾಕೆ ಚನ್ನಗಿರಿಗೆ ಕರ್ಕಂಡು ಹೋಗ್ತಾರಂತೆ."

ಕಟ್ಟನ್ನು ಕಿತ್ತುಕೊಂಡೆ. "ನಾನು ಹಂಚ್ತೀನಿ. ಹಂಚಿ ಆಯ್ತು ಅಂತ ಅಪ್ಪನಿಗೆ ಹೇಳು, ಈಗಲೇ ಹೊರಡಲಿ." ಸಂಜೆ ಬಸ್ಸಿಗೆ ಹೋದರಂತೆ.

ಮನೆಗೆ ಬಂದು, ಸುಡಬೇಕೆಂದೇ ಒಲೆ ಹಚ್ಚಿದೆ. ಅನ್ನ ಬೆಂದು ಇಳಿಯಿತು, ಕೆಂಡವೂ ಬೂದಿಯಾಗುತ್ತಿದೆ. ಕಟ್ಟು ಇನ್ನೂ ಮೇಜಿನ ಮೇಲೇ ಇದೆ. ಆ ಹುಡುಗನ ಜ್ವರ ಬಿಟ್ಟ ಸುದ್ದಿ ಮೊದಲು ಬರಲಿ. ಆಮೇಲೆ ಸುಟ್ಟರಾಯಿತು.