ಹಚ್ಚದ ಫೋನು

೨ ಮಾರ್ಚ್ ೨೦೨೫, ರವಿವಾರ. ಬೈಲಹೊಂಗಲ

ತಂಗಿ ಸಲೋಮಿಯ ಮಾತು ಇನ್ನೂ ಚುಚ್ಚುತ್ತಿದೆ. ಅವ್ವನ ಮಣ್ಣಿಗೆ ಬರಲಾಗದಿದ್ದವಳು ಐದು ವರ್ಷದ ಮೇಲೆ ರಾಮದುರ್ಗದಿಂದ ನಮ್ಮ ಚರ್ಚಿಗೆ ಬಂದಿದ್ದಳು. ಕರ್ತನ ಭೋಜನಕ್ಕೆ ಮೊದಲು ಎಲ್ಲರೂ ಕೈಹಿಡಿದು ಸಮಾಧಾನ ಹೇಳುವಾಗ ನಾನೂ ಅವಳ ಮುಂದೆ ಕೈ ಚಾಚಿದೆ.

“ಕರ್ತನ ಸಮಾಧಾನ.”

“ಸಮಾಧಾನ ಆತೇನಪಾ ನಿನಗ?”

ಹಿಂದಿನ ಬೆಂಚಿನವರು ಕಿಸಕ್ಕೆಂದರು.

ರೊಟ್ಟಿ, ದ್ರಾಕ್ಷಾರಸಕ್ಕೆ ಏಳಲು ನನ್ನಿಂದಾಗಲಿಲ್ಲ. ಸುಳ್ಳನ್ನು ಬಾಯಲ್ಲಿಟ್ಟುಕೊಂಡು ದೇವರ ಮುಂದೆ ಅದೇ ಬಾಯಿ ತೆರೆಯುವುದು ಹೇಗೆ?

ಬಸ್ ನಿಲ್ದಾಣದವರೆಗೆ ಅವಳ ಹಿಂದೆ ಹೋಗಿ ಹೇಳಿದೆ: “ಅವ್ವ ತೀರಿದ ದಿನ ನಿನಗ ಫೋನ್ ಹತ್ತಲಿಲ್ಲ ಅಂದಿದ್ದೆ. ನಾ ಹಚ್ಚೇ ಇರಲಿಲ್ಲ.”

“ಗೊತ್ತೈತಿ. ಯಾಕ ಹಚ್ಚಲಿಲ್ಲ, ಅದನ್ನ ಹೇಳು.”

ರಾಮದುರ್ಗದ ಬಸ್ಸು ಬಂದು ಹೋಯಿತು. ಅವಳು ಕದಲಲಿಲ್ಲ.

“ಮೂರು ದಿನ ಬಾಯಾಗ ನೀರು ಹಾಕಿದಾಂವ ನಾನು. ಅವ್ವ ಕರಿಯೂದು ಮಾತ್ರ ನಿನ್ನ.”

ಬೈಯುತ್ತಾಳೆಂದುಕೊಂಡೆ.

“ಏನಂತ ಕರೀತಿದ್ಲು?”

“ಸಲೂ, ಅಂತ.”

“ಹಂಗಲ್ಲ. ಅವ್ವ ಕರದಂಗ ಕರಿ.”

ಜನ ತುಂಬಿದ ನಿಲ್ದಾಣದಲ್ಲಿ ಅವ್ವನ ಹಾಗೆ ರಾಗ ಎಳೆದು ಕರೆದೆ. ಅವಳು ಕಣ್ಣು ಮುಚ್ಚಿ, “ಇನ್ನೊಮ್ಮಿ” ಎಂದಳು. ಅದೇ ರಾಗದಲ್ಲಿ ಮತ್ತೆ ಕರೆದೆ.