ಚಿಲಕ ಹಾಕಿ ಊಟ

5 ಜನವರಿ 1998, ಸೋಮವಾರ. ಬೆಳಿಗ್ಗೆ 8.20

ರಾಗಿ ಗಂಜಿ 120 ಎಂ.ಎಲ್. ಪೂರ್ತಿ ಇಳಿಯಿತು. ಆಮೇಲೆ ಕಾಯಿಸಿ ಆರಿಸಿದ ನೀರು 20. ಸಿರಿಂಜ್ ತೊಳೆದು ಕವುಚಿ ಹಾಕಿದೆ. ಇಷ್ಟನ್ನು ಡಾಕ್ಟರ್ ಚಕ್ರಪಾಣಿಯವರ ನೋಟ್‌ಬುಕ್ಕಿಗೆ ಬರೆದಾಯಿತು. ಅವರಿಗೆ ಬೇಕಾದ್ದು ಅಷ್ಟೇ — ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು. ಉಳಿದದ್ದಕ್ಕೆ ಈ ಡೈರಿ. ಇವರ ಆಫೀಸಿನಲ್ಲಿ ಹೊಸ ವರ್ಷಕ್ಕೆ ಎರಡು ಕೊಟ್ಟರಂತೆ, ಒಂದು ನನ್ನ ಪಾಲಿಗೆ ಬಂತು.

ಶುಭಾ ಗೋಡೆಗೆ ಒರಗಿ ಕೂತು ಗಂಜಿ ಇಳಿಯುವುದನ್ನೇ ನೋಡುತ್ತಾಳೆ. ಐದು ವರ್ಷ. ಹೊಟ್ಟೆಯ ಎಡಗಡೆ ರಬ್ಬರ್ ಟ್ಯೂಬ್, ಅದಕ್ಕೊಂದು ಕ್ಲಿಪ್. ನಾನು ಸಿರಿಂಜನ್ನು ಅವಳ ತಲೆಗಿಂತ ಮೇಲೆ ಹಿಡಿದು ನಿಲ್ಲಬೇಕು. ಒತ್ತಬಾರದು, ತಾನಾಗಿ ಇಳಿಯಬೇಕು. ಹದಿನೈದು ನಿಮಿಷ, ದಿನಕ್ಕೆ ಆರು ಸಲ. ಬಲತೋಳು ನೋಯುತ್ತದೆ. ಯಾರಿಗೆ ಹೇಳುವುದು? ಹೇಳುವುದಕ್ಕೆ ನನಗೆ ಮುಖವಾದರೂ ಎಲ್ಲಿದೆ.

ಮಧ್ಯಾಹ್ನ 2.10

ನನ್ನ ಊಟ ಮುಗಿಯಿತು. ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಾಗಿಲಿಗೆ ಚಿಲಕ ಹಾಕಿಕೊಂಡು. ಐದು ನಿಮಿಷ. ಅಕ್ಟೋಬರಿನಿಂದ ಹೀಗೆಯೇ. ಬಾಯಿಂದ ಏನೂ ನುಂಗಲಾರದ ಮಗುವಿನ ಎದುರು ಕೂತು ಅನ್ನ ಕಲಸುವುದು ಹೇಗೆ? ಇವರು ಎರಡು ಹೊತ್ತೂ ಆಫೀಸ್ ಕ್ಯಾಂಟೀನಿನಲ್ಲೇ ಮುಗಿಸಿ ಬರುತ್ತಾರೆ. ಮನೆಯಲ್ಲಿ ಒಗ್ಗರಣೆ ಸದ್ದು ಕೇಳಿ ಮೂರು ತಿಂಗಳಾಯಿತು.

14 ಜನವರಿ, ಸಂಕ್ರಾಂತಿ

ಬೆಳಗಿನಿಂದ ಒಂದೇ ಹಟ. ರೇಷ್ಮೆ ಲಂಗ ಹಾಕು, ಎಳ್ಳು ಬೀರೋಕೆ ಹೋಗೋಣ. ಹೋದ ವರ್ಷ ಸ್ಟೀಲ್ ತಟ್ಟೆ ಹಿಡಿದು ಈ ರಸ್ತೆಯ ಅಷ್ಟೂ ಮನೆಗೆ ಹೋಗಿ ಬಂದಿದ್ದಳು. ಹೊರಗೆ ಚಳಿ ಅಂದೆ. ಯಡಿಯೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಂಥಾ ಚಳಿ! ಜನ ಅವಳ ಹೊಟ್ಟೆ ನೋಡಿ, ಆಮೇಲೆ ನನ್ನ ಮುಖ ನೋಡುವುದು ನನಗೆ ಬೇಡವಾಗಿತ್ತು, ಅಷ್ಟೇ. ಲಂಗದ ಲಾಡಿ ಬೇರೆ ಸರಿಯಾಗಿ ಟ್ಯೂಬಿನ ಮೇಲೆಯೇ ಒತ್ತುತ್ತದೆ.

ಸಂಜೆ ಎದುರು ಮನೆ ಗುರುಶಾಂತಪ್ಪನವರ ಹೆಂಡತಿ ಎಳ್ಳು ತಂದುಕೊಟ್ಟರು. ಶುಭಾಳ ಕಡೆ ನೋಡಲಿಲ್ಲ. ಗೇಟಿನ ಹತ್ತಿರ ದನಿ ತಗ್ಗಿಸಿ, "ಆ ಅಂಕಮ್ಮನ್ನ ನಾವೂ ಬಿಡಿಸಿಬಿಟ್ವಿ ಕಣ್ರೀ. ಮಗೂಗೆ ಇಂಥಾದ್ದು ಮಾಡಿದ ಕೆಲಸದೋಳ್ನ ಯಾರು ಸೇರಿಸ್ತಾರೆ? ಮೂಲೆ ಮನೆಯವ್ರು, ಅನಂತರಾಮು ಅವ್ರು, ಟೈಲರ್ ಮನೆ… ನಾಕೂ ಮನೆ ಬಿಡಿಸಿದ್ವಿ" ಅಂದರು. ನನಗೆ ಉಪಕಾರ ಮಾಡಿದ ಹಾಗೆ.

ಹೌದಾ, ಅಂದೆ. ಅಷ್ಟೇ ಅಂದೆ.

16 ಜನವರಿ. ಬೆಳಿಗ್ಗೆ 11

ಬರೆದೇಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಆಯುಧಪೂಜೆಯ ಹಿಂದಿನ ದಿನ. ಸೈಕಲ್ ಮೇಲೆ ಆಸಿಡ್, ಫಿನಾಯಿಲ್ ಮಾರುವವನು ಬಂದ. ಬಾಟ್ಲು ತನ್ನಿ ಅಕ್ಕ, ಅಂದ. ಖಾಲಿಯಾಗಿದ್ದ ಆರೆಂಜ್ ಸ್ಕ್ವಾಷ್ ಬಾಟಲಿ ಕೊಟ್ಟೆ. ಹಾಕಿಸಿಕೊಂಡು ಒಳಗೆ ಬಂದರೆ ಹಾಲು ಉಕ್ಕುತ್ತಿತ್ತು. ಬಾಟಲಿಯನ್ನು ಅಡುಗೆ ಕಟ್ಟೆಯ ಕೆಳಗಿಟ್ಟು ಸ್ಟೌವ್ ಆರಿಸಿದೆ. ಆಮೇಲೆ ಮರೆತೆ. ಅಂಕಮ್ಮ ಬಂದಳು, ಸೋಪಿನ ಪುಡಿಯಲ್ಲೇ ಬಚ್ಚಲು ತೊಳೆದಳು, ಹೋದಳು. ಆ ಬಾಟಲಿಯನ್ನು ಅವಳು ನೋಡಿಯೂ ಇರಲಿಲ್ಲ. ಹನ್ನೊಂದು ಗಂಟೆಗೆ ಶುಭಾಗೆ ಬಾಯಾರಿಕೆಯಾಯಿತು.

ಆಸ್ಪತ್ರೆಯ ವರಾಂಡದಲ್ಲಿ ಇವರು ಕೇಳಿದರು, "ಆಸಿಡ್ ಅಲ್ಲಿಟ್ಟಿದ್ದು ಯಾರು?"

ನಾನು ಹೇಳಿದ್ದು ಇಷ್ಟೇ: "ಬೆಳಿಗ್ಗೆ ಅಂಕಮ್ಮ ಬಚ್ಚಲು ತೊಳೀತಿದ್ಲು…"

ಒಂದಕ್ಷರ ಸುಳ್ಳಿಲ್ಲ. ಉಳಿದರ್ಧ ಇವರೇ ತುಂಬಿಕೊಂಡರು. ಮಾರನೆಯ ದಿನ ಇಡೀ ರಸ್ತೆಗೆ ಕೇಳುವಂತೆ ಅವಳನ್ನು ಬೈದು ಅಟ್ಟಿದರಂತೆ. ನಾನು ಆಸ್ಪತ್ರೆಯಲ್ಲಿದ್ದೆ. ಅವಳು ಏನಂದಳು ಅಂತ ಕೇಳಲೂ ಇಲ್ಲ.

ಬಾಟಲಿ ಇಟ್ಟವಳು ನಾನು. ಬರೆದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ.

3 ಫೆಬ್ರವರಿ, ಮಂಗಳವಾರ

ಆಸ್ಪತ್ರೆ. ಒಳಗೆ ಸುಟ್ಟ ದಾರಿ ಕಿರಿದಾಗುತ್ತಲೇ ಇರುತ್ತದಂತೆ, ಹದಿನೈದು ದಿನಕ್ಕೊಮ್ಮೆ ಮತ್ತಿನಲ್ಲಿ ಮಲಗಿಸಿ ಅಗಲ ಮಾಡುತ್ತಾರೆ. ಇವತ್ತು ನಾಲ್ಕನೆಯ ಸಲ. ಎಚ್ಚರವಾದ ಮೇಲೆ ಡಾಕ್ಟರ್ ಚಕ್ರಪಾಣಿ ಕೇಳಿದರು, "ಊಟಕ್ಕೆ ಮಗೂನ ಜೊತೆಗೆ ಕೂರಿಸ್ಕೋತೀರಾ?"

ಇಲ್ಲ, ಅವಳೆದುರು ನಾವು ತಿನ್ನುವುದೇ ಇಲ್ಲ ಅಂದೆ. ಒಳ್ಳೆಯ ತಾಯಿ ಅನ್ನುತ್ತಾರೆ ಅಂತಿತ್ತು.

"ತಪ್ಪು ಮಾಡ್ತಿದೀರಮ್ಮ. ತಿನ್ನೋದು ಅಂದ್ರೆ ಏನು ಅಂತಾನೇ ಮರೆತುಬಿಡ್ತಾಳೆ. ನಾಳೆ ದಾರಿ ಸರಿಹೋದ್ರೂ ಬಾಯಿಗೆ ತಗೊಳಲ್ಲ. ನಿಮ್ಮ ಜೊತೆ ಕೂರಿಸಿ, ಬಾಯಿಗೆ ಕೊಡಿ. ಅಗೀಲಿ, ರುಚಿ ನೋಡ್ಲಿ, ಬಟ್ಟಲಿಗೆ ಉಗೀಲಿ. ನುಂಗ್ಬಾರ್ದು, ಅಷ್ಟೆ. ನೀವು ಪಕ್ಕದಲ್ಲೇ ಇರಿ."

ಮನೆಗೆ ಬಂದು ಇವರಿಗೆ ಹೇಳಿದೆ. "ಥೂ, ಎಂಜಲು ಉಗಿಯೋ ಬಟ್ಲು ಪಕ್ಕದಲ್ಲಿಟ್ಕೊಂಡು ಊಟ ಮಾಡೋದಾ?" ಅಂದುಬಿಟ್ಟರು. ಅಂದ ಮೇಲೆ ಮುಖ ಸಣ್ಣದಾಯಿತು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವರನ್ನು ಅನ್ನುವುದೇನು. ಸೌಟು ತಟ್ಟೆಗೆ ತಗುಲಿದರೆ ಸೌಟನ್ನೇ ತೊಳೆಯುವ ಮನೆಯಲ್ಲಿ ಬೆಳೆದವಳು ನಾನು. ಡಾಕ್ಟರ್ ಹೇಳುವಾಗ ನಾನೂ ಮುಖ ಸಿಂಡರಿಸಿದ್ದೆ.

5 ಫೆಬ್ರವರಿ

ದೋಸೆಯ ಚೂರು ಕೊಟ್ಟೆ. ಕಣ್ಣು ಮುಚ್ಚಿಕೊಂಡು ಅಗಿದಳು… ಅಗಿದೇ ಅಗಿದಳು. ಬಟ್ಟಲಿಗೆ ಉಗಿದು, ಬಾಯಿ ಒರೆಸಿಕೊಂಡು, "ಸರಿಯಾಗಿ ಉಗಿದ್ನಾ?" ಅಂತ ಕೇಳಿದಳು. ಆ ದಿನದಿಂದ ದನಿ ಗೊಗ್ಗರಾಗಿದೆ. ನನ್ನಿಂದ ತಡೆಯಲಾಗಲಿಲ್ಲ. ಸಾಕು ಅಂದೆ. ಇನ್ನೊಂದು ಚೂರು ಅಂದಳು. ಸಾಕು ಅಂದರೆ ಸಾಕು ಅಂತ ಗದರಿಸಿದೆ.

ಮತ್ತೆ ಒಗೆಯುವ ಕಲ್ಲು, ಚಿಲಕ.

17 ಫೆಬ್ರವರಿ

ಆಸ್ಪತ್ರೆಯಿಂದ ಬರುವಾಗ ಆಟೊದವನು ಸಾರಕ್ಕಿ ಕಡೆಯಿಂದ ಸುತ್ತಿಸಿದ. ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ತಲೆ ಮೇಲೆ ಜಲ್ಲಿ ಬಾಣಲಿ ಹೊತ್ತು ಹಲಗೆ ಹತ್ತುತ್ತಿದ್ದವಳು ಅಂಕಮ್ಮ. ಐವತ್ತು ದಾಟಿದ ಹೆಂಗಸು. ನಮ್ಮ ಮನೆಯಲ್ಲಿ ಮಂಡಿ ನೋವು ಅಂತ ಕೂತೇ ನೆಲ ಒರೆಸುತ್ತಿದ್ದಳು.

"ಅಂಕಮ್ಮಾ!" — ಶುಭಾ, ಇದ್ದಷ್ಟು ದನಿಯಲ್ಲಿ. ಟ್ರಾಫಿಕ್ಕಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಅವಳನ್ನು ಒಳಗೆಳೆದುಕೊಂಡು ಸೆರಗು ಮುಂದೆ ಮಾಡಿದೆ. ಅಂಕಮ್ಮ ಯಾಕೆ ಬರಲ್ಲ ಈಗ, ಅಂದಳು. ಬೇರೆ ಕಡೆ ಕೆಲಸ ಸಿಕ್ಕಿದೆ ಪುಟ್ಟಿ, ಅಂದೆ. ಇದಂತೂ ನಿಜ.

22 ಫೆಬ್ರವರಿ

120. 120. 100. 120. ಕರೆಂಟ್ ಇಲ್ಲ, ಗಂಜಿಯನ್ನು ಕಲ್ಲಲ್ಲಿ ತಿರುವಿ ಎರಡು ಸಲ ಸೋಸಿದೆ. ಯಾರೂ ಬರಲಿಲ್ಲ. ಇವರು ಪೇಪರ್ ಓದಿದರು.

9 ಮಾರ್ಚ್, ಸೋಮವಾರ. ಮಧ್ಯಾಹ್ನ 3

ತಟ್ಟೆ ಇನ್ನೂ ತೊಳೆದಿಲ್ಲ. ಆದರೂ ಈಗಲೇ ಬರೆಯಬೇಕು.

ಹಿಂದೆ ಕೂತು ಉಣ್ಣುತ್ತಿದ್ದೆ. ಬಾಗಿಲ ಸಂದಿಯಿಂದ ದನಿ ಬಂತು. "ಅಮ್ಮ, ಇವತ್ತು ಹುಳಿ ತಾನೆ?"

ತುತ್ತು ಬಾಯಲ್ಲೇ ನಿಂತಿತು.

"ನಂಗೆ ದಿನಾ ಗೊತ್ತಾಗತ್ತೆ. ನಿನ್ನೆ ಮೊಸರನ್ನ, ಉಪ್ಪಿನಕಾಯಿ." ಆಮೇಲೆ, "ನಾನು ಕೇಳ್ದೆ ಜ್ಯೂಸ್ ಕುಡಿದೆ ಅಂತ ತಾನೆ ನಂಗೆ ಊಟ ಇಲ್ಲ? ಇನ್ಮೇಲೆ ಕೇಳ್ಕೊಂಡೇ ಕುಡೀತೀನಿ. ಬಾಗ್ಲು ತೆಗಿ."

ಐದು ತಿಂಗಳು. ಐದು ತಿಂಗಳಿಂದ ಇದನ್ನು ಶಿಕ್ಷೆ ಅಂದುಕೊಂಡಿದ್ದಾಳೆ. ನಾನು ಚಿಲಕ ಹಾಕಿದಾಗಲೆಲ್ಲ ಆಚೆ ನಿಂತು, ಇವತ್ತಿಗೆ ಮುಗಿಯಿತೇನೋ, ನಾಳೆಗೆ ಮುಗಿಯುತ್ತದೇನೋ ಅಂತ ಕಾದಿದ್ದಾಳೆ. ನನ್ನ ತಪ್ಪನ್ನು ಅಂಕಮ್ಮ ಒಬ್ಬಳೇ ಹೊತ್ತಿಲ್ಲ.

ಎಂಜಲು ಕೈಯಲ್ಲೇ ಚಿಲಕ ತೆಗೆದೆ. ಅವಳೆದುರು ನೆಲದ ಮೇಲೆ ಕೂತೆ.

"ನಿಂದು ತಪ್ಪಿಲ್ಲ ಪುಟ್ಟಿ. ಜ್ಯೂಸ್ ಬಾಟ್ಲಿಗೆ ಆಸಿಡ್ ಹಾಕಿಸಿ ಅಲ್ಲಿಟ್ಟಿದ್ದು ನಾನು."

"ಅಂಕಮ್ಮ ಅಲ್ವಾ?"

"ಅಲ್ಲ."

ಯೋಚನೆ ಮಾಡಿದಳು. ನನ್ನ ತಟ್ಟೆ ನೋಡಿದಳು. ಹತ್ತಿರ ಬಂದು ಕಿವಿಯಲ್ಲಿ, "ಅಪ್ಪಂಗೆ ಹೇಳ್ಬೇಡ ಅಮ್ಮ. ನಿನ್ನ ಊಟಾನೂ ನಿಲ್ಲಿಸಿಬಿಡ್ತಾರೆ" ಅಂದಳು.

11 ಮಾರ್ಚ್. ರಾತ್ರಿ 8

ಇವರು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗಲೇ ಹೇಳಿದೆ. ಒಳಗೆ ಬಂದು ಕೂತರೆ ನನ್ನ ಧೈರ್ಯ ಹೋಗುತ್ತದೆ ಅಂತ.

ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಒಂದು ಶೂ ಕೈಯಲ್ಲಿ ಹಿಡಿದೇ ಕೂತರು. "ಇಡೀ ರಸ್ತೆ ಮುಂದೆ ಬೈದ್ನಲ್ಲೇ ಪಂಕಜಾ ಅವಳನ್ನ… ನೀನು ಗೊತ್ತಿದ್ದೂ ಸುಮ್ನಿದ್ಯಾ?" ಹೌದು ಅಂದೆ. ಟೆರೇಸಿಗೆ ಹೋದರು. ಇನ್ನೂ ಇಳಿದು ಬಂದಿಲ್ಲ. ಏಳರ ಫೀಡ್ ಹಾಕಿದೆ, 120. ಶುಭಾ ಮೆಲ್ಲಗೆ ಕೇಳಿದಳು, "ಊಟ ನಿಲ್ಲಿಸಿದ್ರಾ?"

15 ಮಾರ್ಚ್, ಭಾನುವಾರ

ನಾಲ್ಕು ದಿನದಿಂದ ಇವರದು ಮಾತಿಲ್ಲ. ಬೆಳಿಗ್ಗೆ ಹೊರಟು ನಿಂತೆ. ಎಲ್ಲಿಗೆ ಅಂತ ಕೇಳಲಿಲ್ಲ, ಸಿರಿಂಜನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಷ್ಟರಿಂದಲೇ ಅವರಿಗೆ ಗೊತ್ತು ಅಂತ ನನಗೆ ತಿಳಿಯಿತು.

ಸಾರಕ್ಕಿ ಮಾರ್ಕೆಟ್ ಹಿಂದೆ ಅಂಕಮ್ಮನ ಮನೆ. ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಏಳಲಿಲ್ಲ. ಕೂರಿ ಅನ್ನಲಿಲ್ಲ. "ಮಗು ಹೆಂಗೈತೆ?" ಅಂತ ಮೊದಲು ಕೇಳಿದಳು. ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.

"ನಂಗೊತ್ತು ಕಣಮ್ಮ. ನಾನಿಟ್ಟಿಲ್ಲ, ಸಾರ್ ಆಫೀಸಲ್ಲಿದ್ರು. ಇನ್ಯಾರು ಇಡ್ತಾರೆ?"

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅಂಕಮ್ಮ?"

"ನನ್ನ ಯಾರು ಕೇಳುದ್ರು?"

ತಪ್ಪಾಯಿತು ಅಂದೆ. ಕೈ ಮುಗಿದೆ. ಕೆಲಸಕ್ಕೆ ವಾಪಸ್ ಬಾ ಅಂದೆ. ಕೊಳೆತ ಎಲೆ ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು.

"ನನ್ಮುಂದೆ ಯಾಕ್ ಹೇಳ್ತೀರ? ನಂಗೊತ್ತಿರೋದೇ. ಆ ನಾಕು ಮನೇಗೋಗಿ ಹೇಳಿ. ಹನ್ನೊಂದು ವರ್ಷ ಗೇದೀನಿ ಆ ಬೀದೀಲಿ. ಒಂದು ಚಮ್ಚ ಮುಟ್ಟಿಲ್ಲ. ಈಗ ಆ ದಾರೀಲಿ ಹೋದ್ರೆ ಮಕ್ಕಳ್ನ ಒಳೀಕ್ ಕರ್ಕೋತಾರೆ."

19 ಮಾರ್ಚ್

ಸೋಮವಾರ ಹೋಗಲಿಲ್ಲ, ಫೀಡ್ ತಡವಾಯಿತು. ಮಂಗಳವಾರ ಶುಭಾಗೆ ಕೆಮ್ಮು. ನಿನ್ನೆ ಗೇಟಿನವರೆಗೆ ಹೋದೆ, ಗುರುಶಾಂತಪ್ಪನವರ ಹೆಂಡತಿ ರಂಗೋಲಿ ಹಾಕುತ್ತಾ ನಕ್ಕರು, ನಾನೂ ನಕ್ಕು ವಾಪಸ್ ಬಂದೆ. ನೆಪಕ್ಕೇನು ಬರ! ನಾಚಿಕೆಗೆಟ್ಟವಳು.

ಇವತ್ತು ಸಂಜೆ ಇವರು ಬೇಗ ಬಂದರು. "ತಟ್ಟೆ ಹಾಕು" ಅಂದರು. ಕ್ಯಾಂಟೀನಿನಲ್ಲಿ ತಿಂದಿಲ್ಲವಂತೆ. ನೆಲದ ಮೇಲೆ ಕೂತು, ಶುಭಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಬಟ್ಟಲನ್ನು ತಾವೇ ತಂದು ತಮ್ಮ ತಟ್ಟೆಯ ಅಂಚಿಗೆ ಇಟ್ಟರು. ನಾನು ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದ ಸದ್ದಿಗೆ ಶುಭಾ ಚಪ್ಪಾಳೆ ತಟ್ಟಿದಳು. ಅನ್ನದ ಅಗುಳು ಅಗಿದು ಉಗಿದಳು, ಇವರು ಕೈ ಒಡ್ಡಿ ಅವಳ ಗಲ್ಲ ಒರೆಸಿ, ಅದೇ ಕೈಯಲ್ಲಿ ಮುಂದಿನ ತುತ್ತು ಕಲಸಿದರು. ನಾನು ನೋಡುತ್ತಲೇ ಇದ್ದೆ. ನೀನೂ ಕೂತ್ಕೋ ಅಂತ ಯಾರೂ ಅನ್ನಲಿಲ್ಲ. ನಾನೇ ತಟ್ಟೆ ಹಾಕಿಕೊಂಡು ಕೂತೆ.

ಕೈ ತೊಳೆಯುವಾಗ ಇವರು ಅಂದರು, "ಬೈದಿದ್ದಕ್ಕೆ ನಾನು ಹೋಗಿ ಅಂಕಮ್ಮನ ಹತ್ರ ಕ್ಷಮೆ ಕೇಳ್ಕೊಂಡು ಬಂದೆ. ನಿಂದು ನೀನು ಮಾಡು." ತಟ್ಟೆ ಹಾಕು ಅಂದದ್ದು ಬಿಟ್ಟರೆ ಎಂಟು ದಿನದಲ್ಲಿ ಇದೇ ಮೊದಲ ಮಾತು.

22 ಮಾರ್ಚ್, ಭಾನುವಾರ. ಬೆಳಿಗ್ಗೆ 11

ಹತ್ತರ ಫೀಡ್ ಆಯಿತು, 120. ಹನ್ನೆರಡೂವರೆಗೆ ಮುಂದಿನದು. ಅಷ್ಟರಲ್ಲಿ ನಾಲ್ಕು ಮನೆ. ಭಾನುವಾರ, ಎಲ್ಲರೂ ಮನೆಯಲ್ಲಿರುತ್ತಾರೆ. ಅದಕ್ಕೇ ಇವತ್ತು.

ನಾಲ್ಕು ಮನೆ ಅಂದದ್ದು ಶುಭಾಳ ಕಿವಿಗೆ ಬಿತ್ತು. ಬೀರು ತೆಗೆದು ರೇಷ್ಮೆ ಲಂಗ ಎಳೆದುಕೊಂಡು ಬಂದಳು. "ಎಳ್ಳು ಬೀರೋಕಾ?"

ಅಲ್ಲ ಪುಟ್ಟಿ, ಒಂದು ಮಾತು ಹೇಳೋದಿದೆ.

"ಏನು?"

"ಅಂಕಮ್ಮ ಅಲ್ಲ, ನಾನು ಅಂತ."

"ನಾನೂ ಬರ್ತೀನಿ. ನೀನು ಮರೆತ್ರೆ ನಾನು ಹೇಳ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ. ಮನೆಯಲ್ಲೇ ಬಚ್ಚಿಟ್ಟದ್ದು ಸಾಕು ಅನ್ನಿಸಿತು. ಲಾಡಿ ಕಿತ್ತು ಲಂಗಕ್ಕೆ ಭುಜದ ಪಟ್ಟಿ ಹೊಲಿದೆ, ಈಗ ಟ್ಯೂಬಿಗೆ ಒತ್ತುವುದಿಲ್ಲ. ಜಡೆಗೆ ಕನಕಾಂಬರ ಬೇಕಂತೆ. ಇಲ್ಲ, ರಿಬ್ಬನ್ ಕಟ್ಟಿದೆ. ಚಪ್ಪಲಿ ಅದಲುಬದಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

ಗುರುಶಾಂತಪ್ಪನವರ ಹೆಂಡತಿ ಮೊದಲು. ಬಾಗಿಲು ತೆಗೆದು ಮೊದಲು ಲಂಗ ನೋಡುತ್ತಾರೆ, ಆಮೇಲೆ ನನ್ನ ಮುಖ. ಆಗ ಕೆಳಗೆ ನೋಡಬಾರದು. ಅರ್ಧ ಹೇಳಿ ನಿಲ್ಲಿಸಬಾರದು.

ಬೆಲ್ ತಾನೇ ಒತ್ತುತ್ತಾಳಂತೆ. ಅದು ಇರುವುದು ಎತ್ತರದಲ್ಲಿ, ಎತ್ತಿಕೊಳ್ಳಬೇಕು. ಡೈರಿ ಮುಚ್ಚು ಅಂತ ತೋಳು ಹಿಡಿದು ಎಳೆಯುತ್ತಿದ್ದಾಳೆ… ಟ್ಯೂಬು ಒತ್ತದ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಹೊರಟೆ.